ಹೃದಯಾಘಾತ: ವಯಸ್ಸಿನ ಜೊತೆಗೆ ಪಂಪಿಂಗ್ ಎಷ್ಟೆಂದೂ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೃದಯಾಘಾತವಾದವರ ಮನೆಯವರು ವೈದ್ಯರನ್ನು ಮೊದಲು ಕೇಳುವುದು, ಎಷ್ಟು ರಕ್ತನಾಳಗಳು ಕಟ್ಟಿಕೊಂಡಿವೆ ಎಂದು. ಅದರ ಜೊತೆಗೆ ತಪ್ಪದೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಹೃದಯದ ಪಂಪಿಂಗ್ ಎಷ್ಟಿದೆ? ಹೃದಯದ ಎಡಭಾಗದ ಕೆಳಕೋಣೆಯಾದ ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬುದೇ ಎಜೆಕ್ಷನ್ ಫ್ರ್ಯಾಕ್ಷನ್. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ವರದಿಯಲ್ಲಿ ಅದನ್ನು ಇ.ಎಫ್. ಎಂದು ಬರೆದಿರುತ್ತಾರೆ. 55ರ ಮೇಲಿದ್ದರೆ ನೆಮ್ಮದಿ, 40ಕ್ಕಿಂತ ಇಳಿದರೆ ಅಪಾಯ.

ಎಕೋ ಯಂತ್ರ ಇನ್ನೂ ವ್ಯಾಪಕ ಬಳಕೆಗೆ ಬಾರದ ಕಾಲದಲ್ಲೇ ಹೃದಯದ ಬಲದ ಮಹತ್ವವನ್ನು ಮನಗಂಡವರು ನ್ಯೂಯಾರ್ಕಿನ ವೈದ್ಯರಾದ ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಾಲ್. ಹೃದಯಾಘಾತವಾದ 250 ಮಂದಿಯ ಹಾಸಿಗೆಯ ಬಳಿ ನಡೆಸಿದ ಪರೀಕ್ಷೆಯನ್ನೇ ಆಧರಿಸಿ, ಅವರು 1967ರಲ್ಲಿ ರೋಗಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಶ್ವಾಸಕೋಶ ಶುಭ್ರವಾಗಿದ್ದವರು ಮೊದಲ ವರ್ಗ. ಸ್ಟೆತಸ್ಕೋಪಿಗೆ ನೀರಿನ ಮರಮರ ಸದ್ದು ಕೇಳಿಸಿದವರು ಎರಡನೆಯದು. ಶ್ವಾಸಕೋಶದ ತುಂಬ ನೀರು ತುಂಬಿ ಏದುತ್ತಿದ್ದವರು ಮೂರನೆಯದು. ರಕ್ತದೊತ್ತಡ ಕುಸಿದು ಮೈ ತಣ್ಣಗಾದವರು ನಾಲ್ಕನೆಯದು. ಆಸ್ಪತ್ರೆಯಲ್ಲೇ ತೀರಿಕೊಂಡವರ ಪ್ರಮಾಣ ಕ್ರಮವಾಗಿ ಶೇಕಡಾ 6, 17, 38 ಮತ್ತು 81! ಕಿವಿ ಮತ್ತು ಕೈಬೆರಳುಗಳಿಂದಲೇ ಹೃದಯದ ಬಲವನ್ನು ಅಳೆದ ಈ ವರ್ಗೀಕರಣವನ್ನು ನಾವು ಇಂದಿಗೂ ಬಳಸುತ್ತೇವೆ ಎನ್ನುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇನ್ನು ವಯಸ್ಸು. ವಯಸ್ಸಾದಂತೆ ಹೃದಯ ಪೆಡಸಾಗುತ್ತದೆ, ಮೂತ್ರಪಿಂಡಗಳ ಶಕ್ತಿ ಕುಂದುತ್ತದೆ. ಎದೆನೋವೇ ಇಲ್ಲದೆ ಬರಿಯ ಉಬ್ಬಸ, ಸುಸ್ತು ಅಥವಾ ಮಂಕು ಕವಿದಂತಾಗಿ ಆಘಾತವಾಗುವುದುಂಟು. ಆದರೆ ವಯಸ್ಸೊಂದನ್ನೇ ನೋಡಿ ತೀರ್ಮಾನಿಸಬೇಡಿ ಎಂದು ಎಷ್ಟು ಸಲ ಹೇಳಬೇಕೋ! ಹೃದಯ ಶಸ್ತ್ರಚಿಕಿತ್ಸೆಗೆಂದು 2009ರಲ್ಲಿ ಪ್ರಕಟವಾಗಿ, ಮುಂದೆ ಹೃದಯಾಘಾತದ ರೋಗಿಗಳಲ್ಲೂ ಪರೀಕ್ಷೆಗೊಳಗಾದ ಒಂದು ಸೂತ್ರದ ತಿರುಳು ಇಷ್ಟೇ: ವಯಸ್ಸನ್ನು ಇ.ಎಫ್.ನಿಂದ ಭಾಗಿಸಿ; ಉತ್ತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. 80 ವರ್ಷದವರ ಇ.ಎಫ್. 40 ಇದ್ದರೆ ಉತ್ತರ 2. 60 ವರ್ಷದವರ ಇ.ಎಫ್. 30ಕ್ಕೆ ಇಳಿದಿದ್ದರೂ ಉತ್ತರ ಅದೇ 2. ಕಿರಿಯರೆಂದು ನಿಶ್ಚಿಂತೆಯಿಂದಿರುವುದೂ, ವಯಸ್ಸಾಯಿತೆಂದು ಚಿಕಿತ್ಸೆ ತಡಮಾಡುವುದೂ ಎರಡೂ ತಪ್ಪು. ವಯಸ್ಸನ್ನು ಯಾರೂ ಇಳಿಸಲಾರರು, ಪಂಪಿಂಗನ್ನು ಮಾತ್ರ ಉಳಿಸಿಕೊಳ್ಳಬಹುದು. ಕಟ್ಟಿದ ನಾಳವನ್ನು ಬೇಗ ತೆರೆದಷ್ಟೂ ಉಳಿಯುವ ಸ್ನಾಯು ಹೆಚ್ಚು.

ಆಘಾತದಿಂದ ಮಂಕಾದ ಸ್ನಾಯು ವಾರಗಳಲ್ಲಿ ಚೇತರಿಸಿಕೊಳ್ಳಬಹುದಾದ್ದರಿಂದ, ಮೊದಲ ಇ.ಎಫ್. ಕಡಿಮೆಯಿದ್ದವರು ಮಾತ್ರೆಗಳನ್ನು ನಿಲ್ಲಿಸದೆ, ಆರು ವಾರದಿಂದ ಮೂರು ತಿಂಗಳೊಳಗೆ ಮತ್ತೊಮ್ಮೆ ಎಕೋ ಮಾಡಿಸಿ, ಎರಡೂ ವರದಿಗಳನ್ನು ವೈದ್ಯರ ಮುಂದಿಡಿ. ನಮಸ್ಕಾರ.