ದ್ವೀಪಕ್ಕಿಂತ ಮೊದಲು ದಡ ಆರಿಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಎಷ್ಟೋ ಮನೆಗಳಲ್ಲಿ ಡಿಸೆಂಬರ್ ರಜೆಗೆ ಕೆರಿಬಿಯನ್ ಟಿಕೆಟ್ ಆಗಲೇ ಆಗಿದೆ. ಹೋಟೆಲ್ ಇನ್ನೂ ಕಾಯ್ದಿರಿಸಿಲ್ಲವಾದರೆ ಒಳ್ಳೆಯದೇ ಆಯ್ತು. ಬಾರ್ಬಡೋಸೋ ಆಂಟಿಗುವಾನೋ ಅನ್ನೋ ಚರ್ಚೆ ಆಮೇಲಿರಲಿ, ಮೊದಲು ಯಾವ ದಿಕ್ಕಿನ ದಡ ಅಂತ ತೀರ್ಮಾನಿಸಿ.

ಅಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತೆ. ಬಾರ್ಬಡೋಸ್‌ನ ಪೂರ್ವದಲ್ಲಿರುವ ಬಾತ್‌ಷೆಬಾ ನೋಡೋಕೆ ಅದ್ಭುತ. ಆದರೆ ಅಟ್ಲಾಂಟಿಕ್ ಅಲೆ ನೇರ ಬಂದು ಬಡಿಯುವ ಜಾಗ ಅದು, ಸೆಳೆತ ಜೋರು. ಮಕ್ಕಳನ್ನು ಇಳಿಸುವ ನೀರಲ್ಲ. ದ್ವೀಪದ ಅಗಲ 23 ಕಿಲೋಮೀಟರ್ ಅಷ್ಟೇ. ಪಶ್ಚಿಮಕ್ಕೆ ಬಂದರೆ ಹೋಲ್‌ಟೌನ್, ಪೇನ್ಸ್ ಬೇ ಕಡೆ ನೀರು ಶಾಂತ. ಚಳಿಗಾಲದಲ್ಲಿ ಮಾತ್ರ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿ ಎಬ್ಬಿಸಿದ ಅಲೆ ಆ ದಡಕ್ಕೂ ಸುತ್ತಿ ಬರುತ್ತೆ. ಕೆಂಪು ಬಾವುಟ ಕಂಡರೆ ಅವತ್ತು ಮರಳಲ್ಲೇ ಆಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ತಿರುಗಿ.

ಸರ್ಗ್ಯಾಸಮ್ ಕಡಲಕಳೆಯ ಕಥೆಯೂ ದಿಕ್ಕಿನದ್ದೇ. 2011ರಿಂದ ಅದು ರಾಶಿರಾಶಿಯಾಗಿ ಬರ್ತಿದೆ, ಹೆಚ್ಚಾಗಿ ವಸಂತ ಮತ್ತು ಬೇಸಿಗೆಯಲ್ಲಿ. ದಡದಲ್ಲಿ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತೆ, ಕೊಳೆತ ಮೊಟ್ಟೆಯ ವಾಸನೆ. ಆಸ್ತಮಾ ಇರುವವರು ದೂರ ಇರಲೇಬೇಕು. ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾ, ಮೆಕ್ಸಿಕೋದ ತುಲುಮ್ ಎರಡೂ ಪೂರ್ವಕ್ಕೆ ಮುಖ ಮಾಡಿವೆ, ಕಳೆ ಅಲ್ಲಿಗೇ ಬಂದು ಬೀಳುತ್ತೆ. 'ಓಷನ್ ಫ್ರಂಟ್' ಅಂದರೆ ಸಾಲದು, ಸಮುದ್ರ ಯಾವ ದಿಕ್ಕಿಗಿದೆ ಅಂತ ನಕ್ಷೆಯಲ್ಲಿ ನೋಡಿ. ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯ ಪ್ರತಿ ತಿಂಗಳೂ ಸರ್ಗ್ಯಾಸಮ್ ಮುನ್ನೋಟ ಹಾಕುತ್ತೆ, ದುಡ್ಡು ಕಟ್ಟುವ ಮುಂಚೆ ಓದಿ.

ಶಾಂತ ದಡಕ್ಕೆ ಬಂದ್ವಿ, ನೆರಳು ಹುಡುಕ್ತೀವಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮ್ಯಾಂಚಿನೀಲ್ ಅನ್ನೋ ಮರ ಕಡಲಂಚಲ್ಲೇ ಬೆಳೆಯುತ್ತೆ. ಹೊಳೆಯುವ ಎಲೆ, ಪುಟ್ಟ ಹಸಿರು ಸೇಬಿನಂಥ ಹಣ್ಣು, ಪರಿಮಳ ಬೇರೆ. 1999ರಲ್ಲಿ ಟೊಬೇಗೋದಲ್ಲಿ ಬ್ರಿಟಿಷ್ ರೇಡಿಯಾಲಜಿಸ್ಟ್ ಒಬ್ಬರು ಬಿದ್ದಿದ್ದ ಹಣ್ಣನ್ನು ಕಚ್ಚಿದರು. ಮೊದಲು ಸಿಹಿ, ಆಮೇಲೆ ಮೆಣಸಿನ ಖಾರ, ಆಮೇಲೆ ಗಂಟಲು ಹರಿದಂಥ ಉರಿ. ಎರಡು ಗಂಟೆಯೊಳಗೆ ಗಟ್ಟಿ ಆಹಾರ ನುಂಗೋದೇ ಕಷ್ಟವಾಯಿತು. ಮದ್ಯ ಕುಡಿದರೆ ಉರಿ ಹೆಚ್ಚಿತು, ಹಾಲು ಕುಡಿದಾಗ ಕೊಂಚ ಸಮಾಧಾನ. ನೋವು ಇಳಿಯೋಕೆ ಇನ್ನೂ ಎಂಟು ಗಂಟೆ ಹಿಡಿಯಿತು. ಅದನ್ನವರು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಬರೆದರು. ಓದಿದ ವೈದ್ಯರಿಗೇ ಹೀಗಾದರೆ, ನೆಲದಲ್ಲಿ ಕಂಡದ್ದನ್ನೆಲ್ಲ ಹೆಕ್ಕುವ ನಮ್ಮ ಮಕ್ಕಳ ಗತಿ? ಹಣ್ಣಷ್ಟೇ ಅಲ್ಲ, ಹಾಲಿನಂಥ ಸೊನೆ ತಾಕಿದರೂ ಬೊಕ್ಕೆ ಏಳುತ್ತೆ. ಮಳೆಹನಿ ಆ ಸೊನೆ ಹೊತ್ತು ಇಳಿಯುತ್ತೆ. ಮಳೆ ಬಂದರೆ ಅದರಡಿ ನಿಲ್ಲಲೇಬೇಡಿ. ತಾಕಿದರೆ ತಕ್ಷಣ ಸೋಪು ನೀರು, ಕಣ್ಣಿಗೆ ಕೈ ಬೇಡ. ಅನೇಕ ಕಡೆ ಕಾಂಡಕ್ಕೆ ಕೆಂಪು ಪಟ್ಟೆ ಬಳಿದಿರ್ತಾರೆ, ಎಲ್ಲ ಕಡೆ ಅಲ್ಲ. ಗುರುತು ಸಿಗದ ಮರ ಬಿಡಿ, ತೆಂಗಿನಡಿ ಕಾಯಿ ನೋಡಿಕೊಂಡು ಕೂತ್ಕೊಳ್ಳಿ, ಇಲ್ಲ ಬಾಡಿಗೆ ಕೊಡೆ ತಗೊಳ್ಳಿ.

ಬಿಸಿಲು. ಬಾರ್ಬಡೋಸ್ ಹೆಚ್ಚುಕಡಿಮೆ ನಮ್ಮ ಮಂಗಳೂರಿನ ಅಕ್ಷಾಂಶದಲ್ಲೇ ಇದೆ. ಗಾಳಿ ತಂಪಾಗಿರೋದರಿಂದ ಸುಡೋದು ಗೊತ್ತಾಗಲ್ಲ; ಕಂದು ಚರ್ಮವೂ ಸುಡುತ್ತೆ. ದೊಡ್ಡವರ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಸನ್‌ಸ್ಕ್ರೀನ್ ಬೇಕು, ಎರಡು ಗಂಟೆಗೊಮ್ಮೆ. ಅಂದರೆ 100 ಮಿಲಿಲೀಟರ್ ಟ್ಯೂಬ್ ಒಬ್ಬರಿಗೆ ಮೂರೇ ಸಲ. ಸ್ನಾರ್ಕಲ್ ಮಾಡುವವರ, ಅಂದರೆ ಬಾಯಿಗೆ ಉಸಿರುಕೊಳವೆ ಇಟ್ಟುಕೊಂಡು ನೀರಿನ ಮೇಲೆ ಬೋರಲಾಗಿ ತೇಲುವವರ, ಬೆನ್ನು ಮೊದಲು ಸುಡುತ್ತೆ. ತುಂಬುತೋಳಿನ ಈಜುಬಟ್ಟೆ ಹಾಕಿದರೆ ಅರ್ಧ ಸನ್‌ಸ್ಕ್ರೀನ್ ಉಳಿಯುತ್ತೆ. ಅರೂಬಾ, ಯುಎಸ್ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆನ್‌ಜೋನ್ ಅನ್ನೋ ರಾಸಾಯನಿಕ ಇರುವ ಸನ್‌ಸ್ಕ್ರೀನ್ ನಿಷಿದ್ಧ. ಜಿಂಕ್ ಆಕ್ಸೈಡ್‌ನದ್ದು ಒಯ್ಯಿರಿ.

ಸಮಯ ಮುಗೀತು ಅಂತ ಚೀಟಿ ಬಂದಿದೆ, ಬೇಗ ಹೇಳ್ತೀನಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಲೇ ಹೋಗಬೇಕಾದರೆ ಅರೂಬಾ, ಬೊನೇರ್, ಕುರಸಾವ್ ಕಡೆ ಅಪಾಯ ಕಡಿಮೆ. ಬಾರ್ಬಡೋಸ್‌ನಲ್ಲಿ ಮಿಲಿಟರಿ ಚಿತ್ತಾರದ ಕ್ಯಾಮೊಫ್ಲಾಜ್ ಬಟ್ಟೆ ಕಾನೂನುಬಾಹಿರ, ಮಕ್ಕಳಿಗೂ. ಟ್ರಿನಿಡಾಡ್‌ನಿಂದ ಆರು ದಿನದೊಳಗೆ ಬೆಂಗಳೂರಿಗೆ ಇಳಿಯುವವರು ಹಳದಿ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರ ಇಟ್ಟುಕೊಳ್ಳಿ; ಹಾಕಿಸಿ 10 ದಿನ ಕಳೆದ ಮೇಲಷ್ಟೇ ಅದು ಊರ್ಜಿತ, ಇಲ್ಲದಿದ್ದರೆ ಕ್ವಾರಂಟೈನ್. ಪ್ರಶ್ನೆ ಕೇಳುವವರು ಹೋಟೆಲಿನ ನಕ್ಷೆ ಫೋನಲ್ಲಿ ತೆರೆದುಕೊಂಡೇ ಬನ್ನಿ.