ಹಲ್ಲಿಯ ಮನೆ ನಿಮ್ಮ ಟ್ಯೂಬ್‌ಲೈಟ್ ಅಲ್ಲ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಹೋದ ವಾರದ ವೀಡಿಯೊ ಕೆಳಗೆ ಒಬ್ಬರು ಕೇಳಿದ್ದಾರೆ: "ಹಲ್ಲಿಗೆ ಎಂಥ ಕಾಡು ಸ್ವಾಮಿ? ಟ್ಯೂಬ್‌ಲೈಟ್ ಹಿಂದೆ ಜಾಗ ಇದ್ದರೆ ಸಾಕಲ್ವಾ?" ಅದಕ್ಕೆ ಲೈಕ್ ಬೇರೆ!

ಸಾಕಾಗುವುದಿಲ್ಲ. ನಿಮ್ಮ ಗೋಡೆಗೆ ಬರುವುದು ಬೆರಳೆಣಿಕೆಯ ಜಾತಿಗಳು. ಉಳಿದ ಹಲ್ಲಿಗಳಿಗೆ ಬಂಡೆ ಬೇಕು, ಹುತ್ತ ಬೇಕು, ತರಗೆಲೆ ಬೇಕು.

ನಮ್ಮ ಕೊಳ್ಳೇಗಾಲದ ಹೆಸರಿನ ಒಂದು ಹಲ್ಲಿ ಇದೆ, ಗೊತ್ತಾ? ವೈಜ್ಞಾನಿಕ ಹೆಸರು ಸಿರ್ಟೊಡ್ಯಾಕ್ಟೈಲಸ್ ಕೊಲ್ಲೆಗಾಲೆನ್ಸಿಸ್. ಊರಿನ ಹೆಸರು 1870ರಲ್ಲಿ ಬ್ರಿಟಿಷ್ ಸೇನಾಧಿಕಾರಿ, ಜೀವಿತಜ್ಞ ಬೆಡ್ಡೋಮ್ ಇಟ್ಟಿದ್ದು. ಮನೆ ಹಲ್ಲಿಗೆ ಬೆರಳಿನಡಿ ಅಗಲವಾದ ಮೆತ್ತೆ ಇರುತ್ತದಲ್ಲ, ಇದಕ್ಕೆ ಅದಿಲ್ಲ. ತರಗೆಲೆ ನಡುವೆ, ಕಲ್ಲಿನಡಿ, ನೆಲದ ಮೇಲೇ ಇದರ ಬದುಕು. ಇದನ್ನು ತಂದು ನಿಮ್ಮ ನುಣುಪು ಗೋಡೆ ಹತ್ತು ಅಂದರೆ ಹೇಗೆ ಹತ್ತೀತು?

ಮೈಸೂರಿನ ಹೆಸರಿನದೂ ಒಂದಿದೆ, ಕ್ನೆಮಾಸ್ಪಿಸ್ ಮೈಸೂರಿಯೆನ್ಸಿಸ್. ಗುಂಡು ಕಣ್ಣುಪಾಪೆಯ ಪುಟ್ಟ ಹಗಲು ಹಲ್ಲಿ. ಈ ಗುಂಪಿನ ಹಲ್ಲಿಗಳನ್ನು ಹುಡುಕುತ್ತಾ ಒಮ್ಮೆ ಬಂಡೆಯ ಸಂದಿಗೆ ಟಾರ್ಚ್ ಬಿಟ್ಟೆ. ಒಳಗೆ ಕಲ್ಲಿಗೇ ಅಂಟಿಕೊಂಡ ಎರಡು ಬಿಳಿ ಮೊಟ್ಟೆ, ಅವುಗಳ ಪಕ್ಕದಲ್ಲೇ ಒಡೆದ ಹಳೇ ಚಿಪ್ಪುಗಳ ಗುರುತು. ವರ್ಷವರ್ಷವೂ ಅದೇ ಸಂದಿ! ಆ ಬಂಡೆ ಜಲ್ಲಿಯಾಗಿ ಲಾರಿ ಹತ್ತಿದರೆ ಮೊಟ್ಟೆ ಎಲ್ಲಿಡಬೇಕು? ಟ್ಯೂಬ್‌ಲೈಟ್ ಹಿಂದೇನಾ?

"ಮನೆ ಹಲ್ಲಿ ಹೊಂದಿಕೊಂಡಿಲ್ವಾ, ಇವೂ ಹೊಂದಿಕೊಳ್ಳಲಿ" ಅಂತ ಇನ್ನೊಬ್ಬರು. ರೀ, ಪಾರಿವಾಳ ಬಾಲ್ಕನಿಯಲ್ಲಿ ಗೂಡು ಕಟ್ಟುತ್ತದೆ ಅಂತ ರಾಮನಗರದ ರಣಹದ್ದನ್ನೂ ಬಾಲ್ಕನಿಗೆ ಕರೆಯುತ್ತೀರಾ? ಸುಮ್ನೆ ವಾದ ಮಾಡಬೇಡಿ.

ಹುತ್ತದ ಹಲ್ಲಿ ನೋಡಿ. ಕರ್ನಾಟಕ, ತಮಿಳುನಾಡಿನ ಈ ಹಲ್ಲಿ ಬೇರೆಯೇ ಜಾತಿ ಅಂತ ಗೊತ್ತಾಗಿದ್ದು 2018ರಲ್ಲಿ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರ ಹೆಸರಿಟ್ಟರು. ಇದು ಇರುವುದು ಕುರುಚಲು ಬಯಲಲ್ಲಿ. ನಾವು ಅದನ್ನೇ "ಬರಡು ಜಾಗ" ಅನ್ನುತ್ತೇವೆ, ಸೈಟ್ ಮಾಡುತ್ತೇವೆ. ಬರಡು ಅಲ್ಲ ಅದು! ಹಲ್ಲಿಯ ಮನೆ!

ಮತ್ತೆ ಹೇಳುತ್ತೇನೆ: ಬಂಡೆ ಬೇಕು, ಹುತ್ತ ಬೇಕು, ತರಗೆಲೆ ಬೇಕು. ಇಲ್ಲ ಅನ್ನುವವರು ಒಂದು ಸಂಜೆ ನನ್ನ ಜೊತೆ ಬನ್ನಿ, ಟಾರ್ಚ್ ನಾನೇ ಕೊಡುತ್ತೇನೆ. ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಕೊಳ್ಳೇಗಾಲದವರು ಇದ್ದರೆ ಕಮೆಂಟ್‌ನಲ್ಲಿ ಕೈ ಎತ್ತಿ. ನಿಮ್ಮ ಊರಿನ ಹೆಸರಿನ ಹಲ್ಲಿ ಕಣ್ರೀ! ಮುಂದಿನ ವಾರ ಹುತ್ತದ ಹಲ್ಲಿ ಹುಡುಕಿಕೊಂಡು ಹೋಗುತ್ತಿದ್ದೇನೆ.