ಓಲೆಸುಂಡ್: ನೋಡಲೊಂದು ಊರು, ಉಣ್ಣಲೊಂದು ಮೀನು

ಕೇಳುಗರೆಲ್ಲರಿಗೂ ನಮಸ್ಕಾರ.

ನಾರ್ವೆ ಎಂದೊಡನೆ ಪ್ರವಾಸಿಗಳ ಬಾಯಲ್ಲಿ ಬರುವುದು ಬರ್ಗನ್, ಗೈರಾಂಗರ್ ಫಿಯೋರ್ಡ್, ನಡುರಾತ್ರಿಯ ಸೂರ್ಯ. ಪಶ್ಚಿಮ ಕರಾವಳಿಯ ಓಲೆಸುಂಡ್ ಎಷ್ಟೋ ಜನರ ಪಾಲಿಗೆ ದಾರಿಯಲ್ಲಿ ಹಡಗು ನಿಲ್ಲುವ ಒಂದು ಬಂದರು, ಅಷ್ಟೆ. ಇಳಿಯುತ್ತಾರೆ, ಆಕ್ಸ್ಲಾ ಗುಡ್ಡ ಹತ್ತುತ್ತಾರೆ, ಮೇಲಿನಿಂದ ಒಂದು ಚಿತ್ರ ತೆಗೆದುಕೊಂಡು ಹಡಗಿಗೆ ಮರಳುತ್ತಾರೆ. ಇದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಊರನ್ನು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಬೇಕು. ಹೊಟ್ಟೆ ಹಸಿದಾಗ ಅಲ್ಲೇ ಕುಳಿತು ಉಣ್ಣಬೇಕು.

ಕತ್ತೆತ್ತಿ ನೋಡುವುದೇಕೆ ಎಂಬುದಕ್ಕೆ ಒಂದು ದುರಂತದ ಹಿನ್ನೆಲೆಯಿದೆ. 1904ರ ಜನವರಿ 23ರ ನಸುಕಿನಲ್ಲಿ ಬಿರುಗಾಳಿ ಬೀಸುತ್ತಿದ್ದಾಗ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಮನೆಗಳೆಲ್ಲ ಮರದವು, ಒಂದರ ಮೈಗೆ ಒಂದು ತಾಗಿಕೊಂಡಿದ್ದವು. ಸುಮಾರು 850 ಮನೆಗಳು ಬೂದಿಯಾದವು. ಹತ್ತು ಸಾವಿರ ಜನ ನಡುಚಳಿಗಾಲದಲ್ಲಿ ಸೂರಿಲ್ಲದೆ ನಿಂತರು. ಅಷ್ಟು ದೊಡ್ಡ ಬೆಂಕಿಯಲ್ಲಿ ಪ್ರಾಣ ಕಳೆದುಕೊಂಡವರು ಒಬ್ಬ ವೃದ್ಧೆ ಮಾತ್ರ ಎಂಬುದು ಇಂದಿಗೂ ನಂಬಲು ಕಷ್ಟ. ಈ ಕರಾವಳಿಯಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಆಹಾರ, ಔಷಧಿ, ಕಟ್ಟಡದ ಸಾಮಗ್ರಿ ತುಂಬಿದ ಹಡಗುಗಳನ್ನು ಕಳಿಸಿದ. ಊರಿನವರು ಒಂದು ಬೀದಿಗೆ ಅವನ ಹೆಸರಿಟ್ಟು ಋಣ ನೆನೆದಿದ್ದಾರೆ.

ಮತ್ತೆ ಮರದ ಮನೆ ಬೇಡ, ಊರಿನ ನಡುಭಾಗವೆಲ್ಲ ಕಲ್ಲು ಇಟ್ಟಿಗೆಯಲ್ಲೇ ಏಳಬೇಕು ಎಂದಾಯಿತು. 1907ರ ಹೊತ್ತಿಗೆ ಊರು ಬಹುಮಟ್ಟಿಗೆ ಎದ್ದು ನಿಂತಿತ್ತು. ಆಗ ಯುರೋಪಿನಲ್ಲಿ ಯುಗೆಂಡ್ ಶೈಲಿಯ, ಅಂದರೆ ಬಳ್ಳಿ ಹೂಗಳಂತೆ ಬಾಗಿ ಬಳುಕುವ ಅಲಂಕಾರದ ಆರ್ಟ್ ನುವೋ ಕಲೆಯ ಕಾಲ, ಕಟ್ಟಲು ಬಂದ ನಾರ್ವೆಯ ವಾಸ್ತುಶಿಲ್ಪಿಗಳಲ್ಲಿ ಹಲವರು ಜರ್ಮನಿಯಲ್ಲಿ ಕಲಿತವರು. ಹೀಗಾಗಿ ಊರಿಗೆ ಊರೇ ಒಂದೇ ಹದದಲ್ಲಿದೆ. ಅಪೋಟೆಕರ್‌ಗಾಟಾ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಮೂಲೆಯ ಮನೆಗಳಿಗೆ ಚೂಪು ಗೋಪುರಗಳಿವೆ. ಬಾಗಿಲ ನೆತ್ತಿಯ ಮೇಲೆ ಕಲ್ಲಿನ ಮುಖಗಳು, ಸುತ್ತಿಕೊಂಡ ಬಳ್ಳಿಗಳು, ನಡುವೆ ವೈಕಿಂಗ್ ಕಾಲವನ್ನು ನೆನಪಿಸುವ ಡ್ರ್ಯಾಗನ್‌ಗಳು ಕಾಣುತ್ತವೆ. ಬೀದಿಯ ಪಕ್ಕದಲ್ಲೇ ಬ್ರೋಸುಂಡೆಟ್ ಎಂಬ ಕಾಲುವೆಯಿದೆ, ಅದರ ನೀರಿಗೆ ಅಂಚುಗಟ್ಟಿದಂತೆ ಹಳೆಯ ಮೀನು ಗೋದಾಮುಗಳು ನಿಂತಿವೆ. 1907ರಲ್ಲಿ ಕಟ್ಟಿದ ಹಂಸ ಔಷಧಾಲಯ ಈಗ ಯುಗೆಂಡ್ ಶೈಲಿಯ ಸಂಗ್ರಹಾಲಯ. ಒಳಗೆ ಔಷಧದಂಗಡಿಯ ಮರಗೆಲಸ ಹಾಗೆಯೇ ಉಳಿದಿದೆ. ಆ ಬೆಂಕಿಯ ಕಥೆಯನ್ನು ಹೇಳುವ ಪ್ರದರ್ಶನವೂ ಇಲ್ಲೇ ಇದೆ. ಸಮಯವಿರುವುದು ಒಂದೇ ಕಡೆಗೆ ಎಂದಾದರೆ ನಾನು ಇದನ್ನೇ ಹೇಳುತ್ತೇನೆ.

ಇದಾದ ಮೇಲೆ ಆಕ್ಸ್ಲಾ ಹತ್ತಿ. ಉದ್ಯಾನದಿಂದ 418 ಮೆಟ್ಟಿಲು. ಬೀದಿಗಳನ್ನು ಮೊದಲು ತಿರುಗಿ ಹತ್ತಿದವರಿಗೆ ಕೆಳಗಿನ ಒಂದೊಂದು ಗೋಪುರವೂ ಗುರುತು ಸಿಗುತ್ತದೆ. ಮಕ್ಕಳಿದ್ದರೆ ಊರಿನ ಪಶ್ಚಿಮಕ್ಕಿರುವ ಅಟ್ಲಾಂಟಿಕ್ ಸಮುದ್ರ ಉದ್ಯಾನಕ್ಕೆ ಕರೆದೊಯ್ಯಿರಿ, ಅಲ್ಲಿನ ದೊಡ್ಡ ತೊಟ್ಟಿಯಲ್ಲಿ ಮುಳುಗುಗಾರರು ಮೀನುಗಳಿಗೆ ಆಹಾರ ಹಾಕುವುದನ್ನು ಗಾಜಿನಾಚೆಯಿಂದ ನೋಡಬಹುದು.

ಇನ್ನು ಊಟ. ಈ ಊರಿನ ಸಿರಿತನವೆಲ್ಲ ಕ್ಲಿಪ್‌ಫಿಸ್ಕ್ ಎಂಬ ಉಪ್ಪುಹಾಕಿ ಒಣಗಿಸಿದ ಕಾಡ್ ಮೀನಿನಿಂದ ಬಂದದ್ದು. ಮೀನನ್ನು ಸೀಳಿ, ಬೆನ್ನೆಲುಬು ತೆಗೆದು, ಉಪ್ಪಿನಲ್ಲಿ ಪದರ ಪದರವಾಗಿ ಒಟ್ಟಿ, ಆಮೇಲೆ ಕಡಲಂಚಿನ ಬೋಳು ಬಂಡೆಗಳ ಮೇಲೆ ಹರವುತ್ತಿದ್ದರು. ಬೆಳಿಗ್ಗೆ ಹರವಿ, ಮೋಡ ಕವಿದರೆ ಓಡಿಹೋಗಿ ಬಾಚುವ ಆ ದುಡಿಮೆ ಬಹುಪಾಲು ಹೆಂಗಸರದು. ಈಗ ಒಣಗಿಸುವುದು ಯಂತ್ರದ ಕೋಣೆಗಳಲ್ಲಿ. 1861ರ ಹೋಲ್ಮ್‌ಬುವಾ ಗೋದಾಮು ಬೆಂಕಿಯಿಂದ ಪಾರಾದ ಕೆಲವೇ ಕಟ್ಟಡಗಳಲ್ಲಿ ಒಂದು, ಅಲ್ಲಿರುವ ಮೀನುಗಾರಿಕೆ ಸಂಗ್ರಹಾಲಯದಲ್ಲಿ ಈ ಕಸುಬನ್ನು ತಿಳಿಯಬಹುದು.

ಮೀನು ಪೋರ್ಚುಗಲ್, ಸ್ಪೇನ್, ಬ್ರೆಜಿಲ್‌ಗಳಿಗೆ ಹೋಯಿತು. ಅಲ್ಲಿಂದ ಅಡುಗೆಯ ಬಗೆ ಇಲ್ಲಿಗೆ ಬಂತು. ಅದೇ ಬಕಲಾವ್. ಒಂದು ದಿನವೋ ಎರಡು ದಿನವೋ ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿದ ಮೀನು, ಆಲೂಗಡ್ಡೆ, ಈರುಳ್ಳಿಗಳನ್ನು ಪಾತ್ರೆಯಲ್ಲಿ ಪದರವಾಗಿ ಜೋಡಿಸಿ, ಟೊಮೆಟೊ, ಆಲಿವ್ ಎಣ್ಣೆ, ಒಂದಿಷ್ಟು ಮೆಣಸಿನಕಾಯಿ ಹಾಕಿ ಕಲಕದೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಚೆನ್ನಾಗಿ ಬೆಂದ ಮೀನು ಚಮಚ ತಾಗಿದೊಡನೆ ದಪ್ಪ ದಪ್ಪ ಪದರಗಳಾಗಿ ಬಿಡಿಸಿಕೊಳ್ಳುತ್ತದೆ. ಆಲೂಗಡ್ಡೆ ಕೆಂಪು ಎಣ್ಣೆಯನ್ನು ಕುಡಿದು ಮೆತ್ತಗಾಗಿರುತ್ತದೆ. ನಮ್ಮ ನಾಲಿಗೆಗೆ ಖಾರ ಕಡಿಮೆ, ರುಚಿ ಕಡಿಮೆಯಲ್ಲ. ಬ್ರೋಸುಂಡೆಟ್ ಸುತ್ತಲಿನ ಊಟದ ಮನೆಗಳಲ್ಲಿ ಕೇಳಿ ನೋಡಿ. ನಾರ್ವೆಯಲ್ಲಿ ಹೊರಗಿನ ಊಟ ತುಟ್ಟಿ, ಆದ್ದರಿಂದ ಒಂದು ಹೊತ್ತು ಬ್ರೆಡ್ಡು, ಚೀಸ್ ತಿಂದು ಉಳಿಸಿಯಾದರೂ ಈ ಒಂದು ತಟ್ಟೆಗೆ ಹಣ ಇಟ್ಟುಕೊಳ್ಳಿ.

ಇನ್ನೊಂದು ದಿನ ಕೈಯಲ್ಲಿದ್ದರೆ ದ್ವೀಪಗಳು ಕಾದಿವೆ. ಕಡಲಡಿಯ ಸುರಂಗಗಳಲ್ಲಿ ಸಾಗಿದರೆ ಗಿಸ್ಕೆಯ ಅಮೃತಶಿಲೆಯ ಪುಟ್ಟ ಇಗರ್ಜಿ, ಗೊಡೊಯ್‌ನ ಆಲ್ನೆಸ್ ದೀಪಸ್ತಂಭ ಸಿಗುತ್ತವೆ. ನನ್ನ ಒಲವು ಮಾತ್ರ ದಕ್ಷಿಣದ ರುಂಡೆ ದ್ವೀಪದ ಕಡೆಗೆ. ಏಪ್ರಿಲ್‌ನಿಂದ ಜುಲೈವರೆಗೆ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಸಂಜೆಯಾಗುತ್ತಲೇ ಕಡಲಿನಿಂದ ಬಂಡೆಗೂಡುಗಳಿಗೆ ಮರಳುತ್ತವೆ. ದಪ್ಪ ಅಂಗಿ, ಹಿಡಿತವುಳ್ಳ ಬೂಟು ಬೇಕೇ ಬೇಕು, ಬಂಡೆಯಂಚಿಗೆ ಹೋಗಬೇಡಿ.

ಅಲ್ಲಿಗೆ ಹೋಗುವಾಗ ಸುಲೆಸುಂಡ್‌ನಿಂದ ಹಾರೈಡ್‌ಗೆ ಫೆರ್ರಿಯಲ್ಲಿ ದಾಟಬೇಕು. ಫೆರ್ರಿಯ ತಿಂಡಿ ಎಂದರೆ ಈ ಸೀಮೆಯಲ್ಲಿ ಸ್ವೆಲೆ. ಮಜ್ಜಿಗೆ, ಮೊಟ್ಟೆ, ಸೋಡಾ ಬೆರೆಸಿದ ಹಿಟ್ಟಿನಿಂದ ಹುಯ್ದ, ದೋಸೆಗಿಂತ ದಪ್ಪನೆಯ ಮೃದು ರೊಟ್ಟಿ ಅದು. ಒಳಗೆ ಬೆಣ್ಣೆ ಸಕ್ಕರೆಯನ್ನೋ ಕಂದು ಚೀಸ್ ಹೋಳನ್ನೋ ಇಟ್ಟು ಮಡಚಿ ಕೊಡುತ್ತಾರೆ. ಮೀನು ತಿನ್ನದ, ಆದರೆ ಮೊಟ್ಟೆ ತಿನ್ನುವ ನಮ್ಮವರಿಗೆ ಇದು ದೊಡ್ಡ ಆಸರೆ. ಕಂದು ಚೀಸಿನದನ್ನೇ ಕೇಳಿ. ದಾಟಲು ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಹಾಗಾಗಿ ಫೆರ್ರಿ ಹತ್ತಿದೊಡನೆ ಮೊದಲು ಸಾಲಿನಲ್ಲಿ ನಿಲ್ಲಿ.

ನಮಸ್ಕಾರ.